ಹುಣ್ಣು ಕಾಲಿನಲ್ಲಿ, ಮದ್ದು ಬಿಗಿತದಲ್ಲಿ

ಪಾದದ ಗಂಟಿನ ಒಳಬದಿಯಲ್ಲಿ, ಸ್ವಲ್ಪ ಮೇಲಕ್ಕೆ, ಒಂದು ಹುಣ್ಣು. ಮುಲಾಮು ಬದಲಾಯಿತು, ಆಂಟಿಬಯೋಟಿಕ್ ಮುಗಿಯಿತು. ಹುಣ್ಣು ಮಾತ್ರ ತಿಂಗಳುಗಟ್ಟಲೆ ಒಸರುತ್ತಲೇ ಇದೆ. ಸುತ್ತಲಿನ ಚರ್ಮ ಕಪ್ಪಾಗಿ ಗಡುಸಾಗಿದೆ. ದಿನವಿಡೀ ನಿಂತು ದುಡಿಯುವ ಅಡುಗೆಯವರು, ಟ್ರಾಫಿಕ್ ಪೊಲೀಸರಲ್ಲಿ ಇಂಥ ಕಾಲು ಅಪರೂಪವಲ್ಲ. ಕಾಯಿಲೆಯ ಬೇರು ಇರುವುದು ಚರ್ಮದಲ್ಲಲ್ಲ, ಒಳಗಿನ ಅಭಿಧಮನಿಗಳಲ್ಲಿ.

ಕಾಲಿನ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಅದನ್ನು ಹಿಂಡಿ ನೂಕಬೇಕು, ಅಭಿಧಮನಿಯ ಕವಾಟಗಳು ಹಿಂದಕ್ಕೆ ಜಾರದಂತೆ ತಡೆಯಬೇಕು. ನಿಂತಾಗ ಪಾದದ ಗಂಟಿನ ಬಳಿ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ನಡೆದಾಡಿದರೆ 30ಕ್ಕಿಂತ ಕೆಳಗಿಳಿಯುವುದು ಇದರಿಂದಲೇ. ಕವಾಟ ಕೆಟ್ಟರೆ ಎಷ್ಟು ನಡೆದರೂ ಅಷ್ಟು ಇಳಿಯುವುದಿಲ್ಲ. ಕಾಲು ಊದುತ್ತದೆ, ಸಣ್ಣ ತರಚುಗಾಯವೂ ಹುಣ್ಣಾಗಿ ನಿಲ್ಲುತ್ತದೆ.

ಈ ಒತ್ತಡಕ್ಕೆ ಹೊರಗಿನಿಂದ ಎದುರಾಗುವುದೇ ಬಿಗಿಪಟ್ಟಿ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ ಸತುವಿನ ಲೇಪದ ಪಟ್ಟಿ ಬಳಕೆಗೆ ತಂದರು. 1980ರ ದಶಕದಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ಪದರದ ಕಟ್ಟು ರೂಪುಗೊಂಡಿತು: ಹತ್ತಿ, ಕ್ರೇಪ್, ಹಿಗ್ಗುವ ಪಟ್ಟಿ, ತನಗೆ ತಾನೇ ಅಂಟುವ ಪಟ್ಟಿ. ಗುರಿ, ಪಾದದ ಗಂಟಿನಲ್ಲಿ ಸುಮಾರು 40 ಮಿ.ಮೀ. ಒತ್ತಡ, ಮಂಡಿಯ ಕೆಳಗೆ ಅದರ ಅರ್ಧದಷ್ಟು. ಒಂದೇ ಎಳೆತದಲ್ಲಿ ಸುತ್ತಿದರೂ ಕಾಲು ದಪ್ಪವಾದಲ್ಲಿ ಒತ್ತಡ ತಾನಾಗಿ ತಗ್ಗುತ್ತದೆ.

ಕಟ್ಟು ಬೆರಳುಗಳ ಬುಡದಿಂದ ಶುರುವಾಗಿ, ಹಿಮ್ಮಡಿಯನ್ನೂ ಒಳಗೊಂಡು, ಮಂಡಿಯ ಕೆಳಗಿನವರೆಗೆ ಹೋಗಬೇಕು. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಹುಣ್ಣಿನ ಮೇಲಷ್ಟೇ ಬಿಗಿದರೆ ಪಾದ ಊದುತ್ತದೆ. ಮಾಮೂಲಿ ಕ್ರೇಪ್ ಬ್ಯಾಂಡೇಜ್ ಒಂದೇ ಸಾಲದು, ಬಿಗಿ ಬೇಗ ಹೋಗುತ್ತದೆ.

ಹಾಗೆಂದು ಮನೆಯಲ್ಲೇ ಕಟ್ಟಿಕೊಳ್ಳುವಂತಿಲ್ಲ. ಅಪಧಮನಿ ಕಿರಿದಾಗಿದ್ದವರಿಗೆ ಇದೇ ಬಿಗಿತದಿಂದ ಕಾಲಿಗೇ ಕುತ್ತು. ಅದಕ್ಕೇ ಮೊದಲು ರಕ್ತದ ಹರಿವು ಗುರುತಿಸುವ ಡಾಪ್ಲರ್ ಉಪಕರಣ ಹಿಡಿದು ಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುತ್ತಾರೆ, ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಪೂರ್ಣ ಬಿಗಿತ ಕೊಡುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರಬಹುದು. ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರಿದರೆ ಕೂಡಲೇ ಬಿಚ್ಚಿಸಬೇಕು.

ಹುಣ್ಣು ಮಾಯ್ದರೂ ಕೆಟ್ಟ ಕವಾಟ ಹಾಗೇ ಇರುತ್ತದೆ. 2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಬಿಗಿಪಟ್ಟಿ ಮಾತ್ರ ಪಡೆದವರಲ್ಲಿ ಶೇ 28 ಮಂದಿಗೆ ವರ್ಷದೊಳಗೆ ಹುಣ್ಣು ಮರುಕಳಿಸಿತು. ಜೊತೆಗೆ ಅಭಿಧಮನಿಯ ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಶೇ 12 ಮಂದಿಗೆ. ಹಾಗಾಗಿ ಮಾಯ್ದ ಮೇಲೂ ಬಿಗಿ ಸ್ಟಾಕಿಂಗ್ಸ್ ಬೇಕು, ನಡಿಗೆ ಬೇಕು. ತಿಂಗಳು ಕಳೆದರೂ ಮಾಯದ ಹುಣ್ಣಿದ್ದರೆ ಇನ್ನೊಂದು ಮುಲಾಮು ಬರೆಸಿಕೊಳ್ಳುವ ಬದಲು, ರಕ್ತನಾಳದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.