ಮೋಟಾರು ಗಾಡಿಯ ಬೀಸಣಿಗೆಯೂ ಅದರ ಸ್ವಯಂನಿಯಂತ್ರಣವೂ

ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊರ್ತಿಯ ಬಯಲನ್ನು ವೈಶಾಖದ ಮಧ್ಯಾಹ್ನದಲ್ಲಿ ದಾಟುವವರಿಗೆ ಒಂದು ಸಂಗತಿ ಅನುಭವಸಿದ್ಧವಾದುದು. ಗಾಡಿ ವೇಗವಾಗಿ ಓಡುತ್ತಿರುವಾಗ ಎಂಜಿನು ಅಷ್ಟಾಗಿ ಕಾಯುವುದಿಲ್ಲ. ಭಾರ ಹೇರಿದ ಟ್ರ್ಯಾಕ್ಟರೊಂದರ ಹಿಂದೆ ತೆವಳತೊಡಗಿದೊಡನೆ ಉಷ್ಣಮಾಪಕದ ಮುಳ್ಳು ಮೇಲೇರುತ್ತದೆ. ಓಟದಿಂದ ರೇಡಿಯೇಟರಿಗೆ ತಾನಾಗಿ ದೊರೆಯುತ್ತಿದ್ದ ಗಾಳಿ ಆಗ ಇಲ್ಲವಾಗಿ, ಬೀಸಣಿಗೆಯೊಂದೇ ಆಧಾರವಾಗುತ್ತದೆ. ಅದು ಯಾವಾಗ ತಿರುಗಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಇತಿಹಾಸದ ಅಧ್ಯಾಪಕನು ಇದನ್ನು ಕೇಳುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವುಂಟು.

ಹಳೆಯ ಅಂಬಾಸಡರ್ ಗಾಡಿಯಲ್ಲಿ ಎಂಜಿನಿಗೆ ಕಟ್ಟಿದ ಪಟ್ಟಿಯೇ ಬೀಸಣಿಗೆಯನ್ನು ತಿರುಗಿಸುತ್ತಿತ್ತು. ಎಂಜಿನು ನಿಧಾನವಾದಾಗ ಬೀಸಣಿಗೆಯೂ ನಿಧಾನ. ಹೆಚ್ಚು ಬೇಕಾದಾಗಲೇ ಅದರ ನೆರವು ಕಡಿಮೆ. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನನ್ನು ಅಡ್ಡಲಾಗಿ ಕೂರಿಸಿದ್ದರು. ವಿದ್ಯುತ್ತಿನ ಬೀಸಣಿಗೆಯೂ ನೀರಿನ ತಾಪಕ್ಕೆ ತೆರೆದು ಮುಚ್ಚುವ ಸ್ವಿಚ್ಚೂ ಮನೆಮಾತಾದುದು ಇಂಥ ಗಾಡಿಗಳಿಂದ.

ಹಳೆಯ ಗಾಡಿಗೆ ವಿದ್ಯುತ್ ಬೀಸಣಿಗೆಯನ್ನು ಜೋಡಿಸಬಯಸುವ ಹವ್ಯಾಸಿಯು ಸ್ವಿಚ್ಚಿನ ಬದಲು ಸಣ್ಣದೊಂದು ಎಲೆಕ್ಟ್ರಾನಿಕ್ ಮಂಡಲವನ್ನು ತಾನೇ ರಚಿಸಿಕೊಳ್ಳಬಲ್ಲನು. ಅದರ ಇಂದ್ರಿಯವೆಂದರೆ ಥರ್ಮಿಸ್ಟರು. ಕಾದಷ್ಟೂ ರೋಧ ಇಳಿಯುವ ಗುಣವನ್ನು ಬೆಳ್ಳಿಯ ಸಲ್ಫೈಡಿನಲ್ಲಿ ಫ್ಯಾರಡೆ 1833ರಲ್ಲಿಯೇ ಕಂಡಿದ್ದನು. ಗಾಡಿಗಳಲ್ಲಿ ಬಳಸುವ ಒಂದು ಸಾಮಾನ್ಯ ಮಾದರಿಯ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್. 100 ಡಿಗ್ರಿಯಲ್ಲಿ 200ಕ್ಕೂ ಕಡಿಮೆ. ಈ ವ್ಯತ್ಯಾಸವನ್ನು ವೋಲ್ಟೇಜಾಗಿ ಮಾರ್ಪಡಿಸಿ, ಕಂಪ್ಯಾರೇಟರ್ ಎಂಬ ಬಿಲ್ಲೆಯಿಂದ ಗೊತ್ತುಪಡಿಸಿದ ಮಟ್ಟದೊಡನೆ ಹೋಲಿಸಲಾಗುತ್ತದೆ. ಮಟ್ಟವು ಒಂದೇ ಆದರೆ ಬೀಸಣಿಗೆ ಕ್ಷಣಕ್ಷಣಕ್ಕೂ ಹತ್ತಿ ಆರುತ್ತಿರುವುದು. ಆದ್ದರಿಂದ 95 ಡಿಗ್ರಿಗೆ ಹತ್ತಿ 88ಕ್ಕೆ ಆರುವಂತೆ ಎರಡು ಮಟ್ಟಗಳನ್ನಿಡುವುದು ಯುಕ್ತ. ಈ ಉಪಾಯವು ಆಟೋ ಸ್ಮಿಟ್‌ನದು; ಕಡಲಜೀವಿ ಸ್ಕ್ವಿಡ್ಡಿನ ನರಗಳನ್ನು ಅಭ್ಯಸಿಸುತ್ತ ವಿದ್ಯಾರ್ಥಿಯಾಗಿದ್ದಾಗ, 1934ರಲ್ಲಿ, ಅವನಿಗೆ ಇದು ಹೊಳೆಯಿತು.

ಬಿಲ್ಲೆಯು ಬೀಸಣಿಗೆಯ ಹತ್ತಿಪ್ಪತ್ತು ಆಂಪಿಯರನ್ನು ಹೊರಲಾರದು. ಅದಕ್ಕೆ ರಿಲೇ, ರಿಲೇಯ ಸುರುಳಿಗೆ ಅಡ್ಡಲಾಗಿ ಡಯೋಡು, ಬ್ಯಾಟರಿಯ ಬಳಿ ಫ್ಯೂಸು ಅವಶ್ಯ.

ಇಷ್ಟು ಮಾಡಿದವರು ಕೆಲಸ ಮುಗಿಯಿತೆಂದು ಭಾವಿಸುವುದುಂಟು. ನಿಜವಾದ ಅಪಾಯ ಇರುವುದು ಇಲ್ಲಿಯೇ. ಥರ್ಮಿಸ್ಟರಿನ ತಂತಿ ಕಡಿದರೆ ರೋಧ ಅಪಾರವಾಗುತ್ತದೆ. ಅಪಾರ ರೋಧವೆಂದರೆ ಮಂಡಲದ ಭಾಷೆಯಲ್ಲಿ ಅತಿಶೀತ. ನೀರು ಕುದಿಯುತ್ತಿರುವಾಗಲೂ ಬೀಸಣಿಗೆ ಸುಮ್ಮನಿರುವುದು. ಸಿಲಿಂಡರಿನ ತಲೆ ಬಾಗುವುದು. ದಾಖಲೆಯ ಮೌನವನ್ನೇ ಕ್ಷೇಮವೆಂದು ಓದುವ ತಪ್ಪನ್ನು ನಮ್ಮ ಶಾಸ್ತ್ರದಲ್ಲಿಯೂ ಎಷ್ಟೋ ಜನ ಮಾಡಿದ್ದಾರೆ.

ಪರಿಹಾರವು ಸುಲಭ. ನೀರು ಹೆಪ್ಪುಗಟ್ಟುವ ಶೀತವು ಹೊರ್ತಿಯ ಚಳಿಗಾಲಕ್ಕೂ ಅಪರಿಚಿತ. ಸೊನ್ನೆ ಡಿಗ್ರಿಯ ರೋಧಕ್ಕಿಂತ ಹೆಚ್ಚಿನದು ಕಂಡರೆ ಅದನ್ನು ಕಡಿದ ತಂತಿಯೆಂದೇ ಎಣಿಸಿ ಬೀಸಣಿಗೆಯನ್ನು ತಿರುಗಿಸುವಂತೆ ಇನ್ನೊಂದು ಕಂಪ್ಯಾರೇಟರನ್ನು ಸೇರಿಸಬೇಕು. ಕಾಶ್ಮೀರದಲ್ಲಿ ಈ ಮಿತಿ ನಡೆಯದು. ಅಲ್ಲಿ ಇನ್ನೂ ಕೆಳಗಿಡಬೇಕಾದೀತು. ಮಂಡಲಕ್ಕೆ ವಿದ್ಯುತ್ತೇ ತಪ್ಪುವ ಸಂಭವವೂ ಉಂಟಷ್ಟೆ. ಅದಕ್ಕಾಗಿ, ಎಂಜಿನು ತಣ್ಣಗಿರುವಾಗ ರಿಲೇಯು ಬೀಸಣಿಗೆಯನ್ನು ತಡೆಹಿಡಿದು, ಪ್ರವಾಹ ನಿಂತೊಡನೆ ಬಿಟ್ಟುಕೊಡುವಂತೆ ಜೋಡಿಸುವುದು ಲೇಸು. ಆದರೆ ಬೀಸಣಿಗೆಗೆ ಹೋಗುವ ಪ್ರವಾಹವು ಕೀಲಿಕೈ ತೆಗೆದಾಗ ಕಡಿಯುವಂತಿರಬೇಕು. ಇಲ್ಲವಾದರೆ ರಾತ್ರಿಯಿಡೀ ತಿರುಗಿ ಬ್ಯಾಟರಿ ಬರಿದಾಗುವುದು.

ಪ್ರಯಾಣಕ್ಕೆ ಹೊರಡುವ ಮುನ್ನ, ಎಂಜಿನು ತಣ್ಣಗಿರುವಾಗಲೇ ಕೀಲಿಯನ್ನು ತಿರುಗಿಸಿ, ಥರ್ಮಿಸ್ಟರಿನ ತಂತಿಯನ್ನು ಬೇಕೆಂದೇ ಕಳಚಿ ನೋಡಬೇಕು. ಬೀಸಣಿಗೆ ತಿರುಗದಿದ್ದರೆ ಆ ಮಂಡಲವನ್ನು ಮರಳಿ ಮೇಜಿಗೆ ಒಯ್ಯುವುದೇ ಸರಿ.