ಅಂತರರಾಷ್ಟ್ರೀಯ ನ್ಯಾಯಾಲಯದ ಅಧಿಕಾರವ್ಯಾಪ್ತಿ

ರಾಷ್ಟ್ರಗಳ ನಡುವಣ ವ್ಯಾಜ್ಯವನ್ನು ವಿಚಾರಣೆಗೆ ಎತ್ತಿಕೊಂಡು, ಉಭಯ ಪಕ್ಷಗಳನ್ನೂ ಬದ್ಧಗೊಳಿಸುವ ತೀರ್ಪು ನೀಡಲು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಇರುವ ಅಧಿಕಾರವನ್ನು ಅದರ ಅಧಿಕಾರವ್ಯಾಪ್ತಿ ಎನ್ನಲಾಗುತ್ತದೆ. ನೆದರ್ಲೆಂಡ್ಸ್‌ನ ಹೇಗ್ ನಗರದ ಶಾಂತಿ ಅರಮನೆಯಲ್ಲಿ 1946ರಿಂದ ಕಾರ್ಯನಿರ್ವಹಿಸುತ್ತಿರುವ ಈ ನ್ಯಾಯಾಲಯವು ವಿಶ್ವಸಂಸ್ಥೆಯ ಪ್ರಧಾನ ನ್ಯಾಯಾಂಗವಾಗಿದೆ. ಇದರಲ್ಲಿ 15 ನ್ಯಾಯಾಧೀಶರಿರುತ್ತಾರೆ. ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗ ರಾವ್ ಅವರು 1952ರಿಂದ, 1953ರಲ್ಲಿ ನಿಧನರಾಗುವವರೆಗೆ, ಈ ಪೀಠದಲ್ಲಿದ್ದರು. ಅದೇ ನಗರದಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ವ್ಯಕ್ತಿಗಳನ್ನು ವಿಚಾರಿಸುವ ಬೇರೊಂದು ಸಂಸ್ಥೆ. ಪತ್ರಿಕಾ ವರದಿಗಳಲ್ಲಿ ಇವೆರಡೂ ಆಗಾಗ ಬೆರೆತುಹೋಗುವುದುಂಟು.

ಸಮ್ಮತಿಯ ತತ್ತ್ವ

ಒಂದು ದೇಶದೊಳಗೆ ಯಾರ ಮೇಲಾದರೂ ದಾವೆ ಹೂಡಿದರೆ, ಪ್ರತಿವಾದಿಗೆ ಇಷ್ಟವಿರಲಿ ಇಲ್ಲದಿರಲಿ, ನ್ಯಾಯಾಲಯದ ಮುಂದೆ ಉತ್ತರ ಕೊಡಲೇಬೇಕು. ಸಾರ್ವಭೌಮ ರಾಷ್ಟ್ರಗಳ ನಡುವೆ ಇಂತಹ ಕಡ್ಡಾಯವಿಲ್ಲ. ಒಪ್ಪಿಗೆ ಕೊಡದ ರಾಷ್ಟ್ರವನ್ನು ಅಂತರರಾಷ್ಟ್ರೀಯ ನ್ಯಾಯಾಲಯವು ಕಟಕಟೆಗೆ ಎಳೆಯಲಾರದು. ವಿಶ್ವಸಂಸ್ಥೆಯ ಸದಸ್ಯತ್ವ ಪಡೆದ ರಾಷ್ಟ್ರವು ನ್ಯಾಯಾಲಯದ ಮೂಲಶಾಸನಕ್ಕೆ ತಾನಾಗಿಯೇ ಪಕ್ಷವಾಗುತ್ತದೆ ನಿಜ. ಆದರೆ ಆ ಮಾತ್ರದಿಂದಲೇ ಅದರ ವಿರುದ್ಧ ಮೊಕದ್ದಮೆ ಹೂಡಲು ಬರುವುದಿಲ್ಲ. ಸಮ್ಮತಿಯನ್ನು ಬೇರೆಯಾಗಿಯೇ ನೀಡಬೇಕು. ಅದನ್ನು ನೀಡುವ ಮುಖ್ಯ ಮಾರ್ಗಗಳನ್ನು ಮೂಲಶಾಸನದ 36ನೆಯ ವಿಧಿಯು ಹೇಳುತ್ತದೆ.

ಅತ್ಯಂತ ನೇರವಾದುದು ವಿಶೇಷ ಒಪ್ಪಂದ. ವ್ಯಾಜ್ಯ ಹುಟ್ಟಿದ ಮೇಲೆ ಇಬ್ಬರೂ ಕೂಡಿ ನ್ಯಾಯಾಲಯಕ್ಕೆ ಬರುವುದು. ಲಿಗಿಟಾನ್ ಮತ್ತು ಸಿಪದಾನ್ ದ್ವೀಪಗಳ ಒಡೆತನದ ಪ್ರಶ್ನೆಯನ್ನು ಇಂಡೋನೇಷ್ಯಾ ಮತ್ತು ಮಲೇಷ್ಯಾ ಹೀಗೆಯೇ ಒಪ್ಪಿಸಿದವು. 2002ರಲ್ಲಿ ತೀರ್ಪು ಮಲೇಷ್ಯಾದ ಪರವಾಗಿ ಬಂದಿತು. ಅಪರೂಪಕ್ಕೆ, ಮೊಕದ್ದಮೆ ದಾಖಲಾದ ನಂತರ ಪ್ರತಿವಾದಿಯು ಒಪ್ಪಿಕೊಳ್ಳುವುದೂ ಉಂಟು. ಕಾರ್ಫು ಜಲಸಂಧಿ ಪ್ರಕರಣದಲ್ಲಿ ಅಲ್ಬೇನಿಯಾ ಬರೆದ ಪತ್ರವನ್ನೇ ನ್ಯಾಯಾಲಯವು 1948ರಲ್ಲಿ ಸಮ್ಮತಿಯೆಂದು ಪರಿಗಣಿಸಿತು.

ಐಚ್ಛಿಕ ಘೋಷಣೆ

36ನೆಯ ವಿಧಿಯ ಎರಡನೆಯ ಉಪವಿಧಿಯ ಪ್ರಕಾರ, ಯಾವುದೇ ರಾಷ್ಟ್ರವು ಮುಂಚಿತವಾಗಿಯೇ ಘೋಷಣೆಯೊಂದನ್ನು ಸಲ್ಲಿಸಿ, ಅಂತಹುದೇ ಘೋಷಣೆ ಮಾಡಿರುವ ಇತರ ರಾಷ್ಟ್ರಗಳೊಂದಿಗಿನ ವ್ಯಾಜ್ಯಗಳಲ್ಲಿ ನ್ಯಾಯಾಲಯದ ಅಧಿಕಾರವನ್ನು ಒಪ್ಪಬಹುದು. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರ ಪೈಕಿ ಇಂತಹ ಘೋಷಣೆ ಈಗ ಜಾರಿಯಲ್ಲಿರುವುದು ಬ್ರಿಟನ್ನಿನದು ಮಾತ್ರ. ಘೋಷಣೆಗೆ ಷರತ್ತುಗಳನ್ನು ಹಾಕಬಹುದು. ಪರಸ್ಪರತೆಯ ನಿಯಮದಂತೆ, ಒಬ್ಬರು ಹಾಕಿದ ಷರತ್ತನ್ನು ಎದುರು ಪಕ್ಷವೂ ಬಳಸಿಕೊಳ್ಳಬಹುದು. ಆದ್ದರಿಂದ ಷರತ್ತು ಹಾಕುವ ರಾಷ್ಟ್ರವು ಎದುರಾಳಿಯ ದಾರಿಯನ್ನಷ್ಟೇ ಅಲ್ಲ, ತನ್ನ ದಾರಿಯನ್ನೂ ಮುಚ್ಚಿಕೊಳ್ಳುತ್ತದೆ.

ಈ ವ್ಯವಸ್ಥೆಯ ಬಿಸಿ ಭಾರತಕ್ಕೆ ಬೇಗನೆ ತಟ್ಟಿತು. ಪೋರ್ಚುಗಲ್ 1955ರ ಡಿಸೆಂಬರ್ 19ರಂದು ಘೋಷಣೆ ಸಲ್ಲಿಸಿ, ಮೂರೇ ದಿನಗಳಲ್ಲಿ, ಡಿಸೆಂಬರ್ 22ರಂದು, ದಾದ್ರಾ ಮತ್ತು ನಗರ್ ಹವೇಲಿಗೆ ಹೋಗುವ ಮಾರ್ಗದ ಹಕ್ಕಿಗಾಗಿ ಭಾರತದ ಮೇಲೆ ಮೊಕದ್ದಮೆ ಹೂಡಿತು. ಇಷ್ಟು ಅವಸರದ ದಾವೆ ಸಲ್ಲದೆಂಬ ಭಾರತದ ಆಕ್ಷೇಪಣೆಯನ್ನು ನ್ಯಾಯಾಲಯವು 1957ರಲ್ಲಿ ತಳ್ಳಿಹಾಕಿತು. 1960ರ ಅಂತಿಮ ತೀರ್ಪು ಪೋರ್ಚುಗಲ್ಲಿಗೆ ನಾಗರಿಕರ ಹಾಗೂ ಸರಕುಗಳ ಸಂಚಾರದ ಹಕ್ಕು ಇತ್ತೆಂದಿತು. ಸೈನ್ಯ, ಪೊಲೀಸು ಮತ್ತು ಶಸ್ತ್ರಾಸ್ತ್ರಗಳಿಗೆ ಇರಲಿಲ್ಲವೆಂದೂ, ಭಾರತವು ತನ್ನ ಕರ್ತವ್ಯವನ್ನು ಮೀರಿಲ್ಲವೆಂದೂ ಹೇಳಿತು.

ಭಾರತವು 1974ರಲ್ಲಿ ಸಲ್ಲಿಸಿದ ಘೋಷಣೆಯು ಕಾಮನ್‌ವೆಲ್ತ್ ರಾಷ್ಟ್ರಗಳೊಂದಿಗಿನ ವ್ಯಾಜ್ಯಗಳನ್ನು ಹೊರಗಿಟ್ಟಿತು. ಅದರ ಜಾಗದಲ್ಲಿ 2019ರಲ್ಲಿ ಹೊಸ ಘೋಷಣೆ ಬಂದಿದೆ.

ಭಾರತ ಮತ್ತು ಪಾಕಿಸ್ತಾನ: ಎರಡು ಪ್ರಕರಣಗಳು

1999ರ ಆಗಸ್ಟ್ 10ರಂದು ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಭಾರತೀಯ ವಾಯುಪಡೆಯು ಹೊಡೆದುರುಳಿಸಿತು; ಅದರಲ್ಲಿದ್ದ 16 ಮಂದಿ ಮೃತಪಟ್ಟರು. ಪಾಕಿಸ್ತಾನವು ಹೇಗ್‌ಗೆ ಹೋಯಿತು. ವಿಮಾನವು ಯಾರ ಗಡಿಯೊಳಗಿತ್ತು ಎಂಬ ಪ್ರಶ್ನೆಯನ್ನು ನ್ಯಾಯಾಲಯವು ಮುಟ್ಟಲೇ ಇಲ್ಲ. ಕಾಮನ್‌ವೆಲ್ತ್ ಷರತ್ತನ್ನು ಎತ್ತಿಹಿಡಿದು, ತನಗೆ ಅಧಿಕಾರವಿಲ್ಲವೆಂದು 2000ದ ಜೂನ್ 21ರಂದು 14–2 ಬಹುಮತದಿಂದ ತೀರ್ಮಾನಿಸಿತು.

2017ರಲ್ಲಿ ಪಾತ್ರಗಳು ಅದಲುಬದಲಾದವು. ಪಾಕಿಸ್ತಾನದ ಸೇನಾ ನ್ಯಾಯಾಲಯವು ಕುಲಭೂಷಣ ಜಾಧವ್ ಅವರಿಗೆ ಮರಣದಂಡನೆ ವಿಧಿಸಿತ್ತು. ಭಾರತವು ಘೋಷಣೆಯ ದಾರಿಯನ್ನು ಹಿಡಿಯುವಂತಿರಲಿಲ್ಲ. ತಾನೇ ಹಾಕಿದ ಷರತ್ತು ಅಡ್ಡ ಬರುತ್ತಿತ್ತು. ಅದು ನೆಚ್ಚಿಕೊಂಡದ್ದು ಇನ್ನೊಂದು ಮಾರ್ಗವನ್ನು, ಅಂದರೆ ಒಡಂಬಡಿಕೆಯಲ್ಲಿ ಅಡಕವಾದ ಸಮ್ಮತಿಯನ್ನು. ರಾಯಭಾರ ಸಂಪರ್ಕವನ್ನು ಕುರಿತ 1963ರ ವಿಯೆನ್ನಾ ಒಡಂಬಡಿಕೆಗೆ ಸೇರಿದ ಐಚ್ಛಿಕ ಪ್ರೋಟೊಕಾಲ್, ಆ ಒಡಂಬಡಿಕೆಯ ಅರ್ಥ ಮತ್ತು ಅನ್ವಯದ ವ್ಯಾಜ್ಯಗಳನ್ನು ಈ ನ್ಯಾಯಾಲಯಕ್ಕೆ ಒಪ್ಪಿಸುತ್ತದೆ. ಎರಡೂ ದೇಶಗಳು ಅದಕ್ಕೆ ಪಕ್ಷಗಳಾಗಿದ್ದವು. ಮೇ 8ರಂದು ಅರ್ಜಿ ಸಲ್ಲಿಕೆಯಾಯಿತು; ಅಂತಿಮ ತೀರ್ಪಿನವರೆಗೆ ಮರಣದಂಡನೆ ಜಾರಿಯಾಗದಂತೆ ನೋಡಿಕೊಳ್ಳಬೇಕೆಂದು ಮೇ 18ರಂದು ಮಧ್ಯಂತರ ಆದೇಶ ಹೊರಬಿತ್ತು. ಪಾಕಿಸ್ತಾನವು ಒಡಂಬಡಿಕೆಯ 36ನೆಯ ವಿಧಿಯನ್ನು ಉಲ್ಲಂಘಿಸಿದೆ, ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕು ಎಂದು 2019ರ ಜುಲೈ 17ರ ತೀರ್ಪು ಹೇಳಿತು. ಬಿಡುಗಡೆಗಾಗಿ ಭಾರತ ಮಾಡಿದ ಮನವಿಯನ್ನು ಒಪ್ಪಲಿಲ್ಲ. ಒಡಂಬಡಿಕೆಯಿಂದ ದೊರೆತ ಅಧಿಕಾರವು ಆ ಒಡಂಬಡಿಕೆಯ ವಿಷಯಕ್ಕಷ್ಟೇ ಸೀಮಿತವಾಗಿರುತ್ತದೆ. ಇದೇ ಪ್ರೋಟೊಕಾಲ್ ಆಧಾರದಲ್ಲಿ ಮೆಕ್ಸಿಕೊ ಎದುರು 2004ರಲ್ಲಿ ಸೋತ ಅಮೆರಿಕವು ಮರುವರ್ಷವೇ ಅದರಿಂದ ಹೊರಬಂದಿತು.

ಅಧಿಕಾರದ ನಿರ್ಧಾರ ಮತ್ತು ಅದರ ಮಿತಿ

ಅಧಿಕಾರವ್ಯಾಪ್ತಿಯ ಬಗೆಗೆ ವಿವಾದವೆದ್ದರೆ ಅದನ್ನು ನ್ಯಾಯಾಲಯವೇ ಇತ್ಯರ್ಥಪಡಿಸುತ್ತದೆ. ಪ್ರತಿವಾದಿಯು ಎತ್ತುವ ಪ್ರಾಥಮಿಕ ಆಕ್ಷೇಪಣೆಗಳನ್ನು ಸಾಮಾನ್ಯವಾಗಿ ಮೊದಲು ಆಲಿಸಲಾಗುತ್ತದೆ. ಅಲ್ಲಿಯವರೆಗೆ ಮುಖ್ಯ ವಿಚಾರಣೆ ನಿಂತಿರುತ್ತದೆ. ನಿಕರಾಗುವಾ ದಾವೆ ಹೂಡಲಿದೆಯೆಂಬ ಸುಳಿವರಿತ ಅಮೆರಿಕವು 1984ರ ಏಪ್ರಿಲ್‌ನಲ್ಲಿ, ದಾವೆಗೆ ಮೂರು ದಿನ ಮುಂಚೆ, ಮಧ್ಯ ಅಮೆರಿಕದ ವ್ಯಾಜ್ಯಗಳನ್ನು ತನ್ನ ಘೋಷಣೆಯಿಂದ ಹೊರಗಿಟ್ಟಿತು. ಆರು ತಿಂಗಳ ಮುನ್ಸೂಚನೆ ಕೊಡುವುದಾಗಿ 1946ರಲ್ಲಿ ಅದೇ ಮಾತು ಕೊಟ್ಟಿದ್ದರಿಂದ ಈ ತಿದ್ದುಪಡಿಗೆ ಮನ್ನಣೆ ಸಿಗಲಿಲ್ಲ. ಅಮೆರಿಕವು ಮುಂದಿನ ವಿಚಾರಣೆಗೆ ಬಾರದೆ, 1985ರಲ್ಲಿ ಘೋಷಣೆಯನ್ನೇ ಹಿಂತೆಗೆದುಕೊಂಡಿತು. 1986ರ ಜೂನ್ 27ರ ತೀರ್ಪು ಅದರ ವಿರುದ್ಧವೇ ಬಂದಿತು. ತೀರ್ಪನ್ನು ಪಾಲಿಸದ ಪಕ್ಷದ ಮೇಲೆ ಭದ್ರತಾ ಮಂಡಳಿಗೆ ದೂರು ಕೊಡಲು ವಿಶ್ವಸಂಸ್ಥೆಯ ಸನ್ನದಿನ 94ನೆಯ ವಿಧಿಯಲ್ಲಿ ಅವಕಾಶವಿದೆ. ನಿಕರಾಗುವಾ ಅಲ್ಲಿಗೂ ಹೋಯಿತು, ಅಮೆರಿಕವು ವಿಟೊ ಚಲಾಯಿಸಿತು.