ಯಕೃತ್ತನ್ನು ತಪ್ಪಿಸಿ ಹರಿಯುವ ರಕ್ತ

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ರೀಡೆಲ್ಸ್ ಲೋಬ್’ ಎಂದಿದ್ದರೆ ಗಾಬರಿಯಾಗಬೇಡಿ. ಯಕೃತ್ತಿನ ಬಲಹಾಲೆ ಕೆಳಗಡೆ ಉದ್ದಕ್ಕೆ ಇಳಿದಿದೆ, ಅಷ್ಟೆ. ಜರ್ಮನಿಯ ಶಸ್ತ್ರವೈದ್ಯ ಬರ್ನ್‌ಹಾರ್ಡ್ ರೀಡೆಲ್ 1888ರಲ್ಲಿ ಇದನ್ನು ವಿವರಿಸಿದ. ಹೊಟ್ಟೆ ಒತ್ತಿ ನೋಡಿದವರು ಗಡ್ಡೆಯೆಂದು ತಿಳಿದು ರೋಗಿಯ ನಿದ್ದೆಗೆಡಿಸುವುದೇ ಇದರ ಮುಖ್ಯ ಉಪದ್ರವ. ತೆಳುವಾದ ತೊಟ್ಟಿನಲ್ಲಿ ನೇತಾಡುವ ಹೆಚ್ಚುವರಿ ಹಾಲೆ ಮಾತ್ರ ಇಷ್ಟು ಸಾಧುವಲ್ಲ. ತೊಟ್ಟು ತಿರುಚಿಕೊಂಡರೆ ಒಳಗಿನ ರಕ್ತನಾಳ ಮುಚ್ಚಿ ಹಾಲೆ ಕೊಳೆಯುತ್ತದೆ, ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಯಕೃತ್ತಿನ ಆಕಾರಕ್ಕಿಂತ ಅದಕ್ಕೆ ರಕ್ತ ಬರುವ ದಾರಿಯ ಬಗ್ಗೆಯೇ ಹೆಚ್ಚು ಹೆದರಬೇಕು.

1793ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆಥಿ 10 ತಿಂಗಳ ಹೆಣ್ಣುಮಗುವೊಂದರ ಶವಪರೀಕ್ಷೆಯ ವಿವರ ಪ್ರಕಟಿಸಿದ. ಕರುಳಿನಿಂದ ಬಂದ ಪೋರ್ಟಲ್ ರಕ್ತನಾಳ ಯಕೃತ್ತಿನೊಳಗೆ ಹೋಗದೆ, ಹೃದಯಕ್ಕೆ ಸಾಗುವ ಮಹಾ ಅಭಿಧಮನಿಗೆ ನೇರವಾಗಿ ಸೇರಿಬಿಟ್ಟಿತ್ತು. ಇಂಥ ಅಡ್ಡದಾರಿಗೆ ಈಗ ಅವನದೇ ಹೆಸರು.

ಯಕೃತ್ತಿಗೆ ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಪೋರ್ಟಲ್ ನಾಳದಿಂದ. ಕರುಳು ಹೀರಿದ್ದರಲ್ಲಿ ಹೆಚ್ಚಿನದು ಯಕೃತ್ತೆಂಬ ಈ ಸುಂಕದಕಟ್ಟೆ ದಾಟಿಯೇ ಮುಂದೆ ಹೋಗಬೇಕು. ಭ್ರೂಣಕ್ಕೆ 4ರಿಂದ 10 ವಾರ ತುಂಬುವ ಅವಧಿಯಲ್ಲಿ ಸಣ್ಣ ಅಭಿಧಮನಿಗಳ ಜಾಲದಲ್ಲಿ ಕೆಲವು ಉಳಿದು, ಕೆಲವು ಅಳಿದು ಪೋರ್ಟಲ್ ನಾಳ ರೂಪುಗೊಳ್ಳುತ್ತದೆ. ಅಳಿಯಬೇಕಾದದ್ದು ಉಳಿದರೆ ಅಡ್ಡದಾರಿ ಹುಟ್ಟುತ್ತದೆ.

ಆಗ ಕರುಳಿನ ಅಮೋನಿಯಾ ಯೂರಿಯಾ ಆಗಿ ಬದಲಾಗದೆ ಮಿದುಳಿಗೆ ತಲುಪುತ್ತದೆ. ಮಗು ಮಂಕಾಗುತ್ತದೆ, ಕಲಿಕೆಯಲ್ಲಿ ಹಿಂದುಳಿಯುತ್ತದೆ. ಶಾಲೆಯಲ್ಲಿ ದಡ್ಡ ಎನ್ನಿಸಿಕೊಳ್ಳುವ ಮಗುವಿನ ತೊಂದರೆ ಹೊಟ್ಟೆಯಲ್ಲಿರಬಹುದೆಂದು ಯಾರಿಗೆ ಹೊಳೆದೀತು? ಕೆಲವರಲ್ಲಿ ಶ್ವಾಸಕೋಶದ ಸೂಕ್ಷ್ಮನಾಳಗಳು ಹಿಗ್ಗಿ ರಕ್ತಕ್ಕೆ ಆಮ್ಲಜನಕ ಸಾಲದೆ ತುಟಿ, ಉಗುರು ನೀಲಿಗಟ್ಟುತ್ತವೆ. ಇನ್ನು ಕೆಲವರಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ. ಪೋರ್ಟಲ್ ರಕ್ತ ಸಿಗದ ಯಕೃತ್ತಿನಲ್ಲಿ ಗಂಟುಗಳೇಳುತ್ತವೆ, ಅಪರೂಪಕ್ಕೆ ಕ್ಯಾನ್ಸರೂ ಆಗುತ್ತದೆ.

ಯಕೃತ್ತಿನೊಳಗಿನ ಸಣ್ಣ ಅಡ್ಡದಾರಿಗಳು ಮೊದಲ ಒಂದೆರಡು ವರ್ಷಗಳಲ್ಲಿ ತಾವಾಗಿ ಮುಚ್ಚಿಕೊಳ್ಳುವುದುಂಟು. ಉಳಿದವಕ್ಕೆ ತೊಡೆಯ ಅಥವಾ ಕುತ್ತಿಗೆಯ ರಕ್ತನಾಳದ ಮೂಲಕ ಕೊಳವೆ ತೂರಿಸಿ ಬಿರಡೆ ಹಾಕುತ್ತಾರೆ, ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುತ್ತಾರೆ. ಒಮ್ಮೆಲೇ ಮುಚ್ಚಿದರೆ ಕರುಳಿನ ನಾಳಗಳಲ್ಲಿ ಒತ್ತಡ ಏರುವ ಭಯವಿದ್ದರೆ ಹಂತಹಂತವಾಗಿ ಮುಚ್ಚಬೇಕು. ಮುಚ್ಚಲು ಸಾಧ್ಯವೇ ಇಲ್ಲದವರಿಗೆ ಉಳಿಯುವುದು ಯಕೃತ್ತಿನ ಕಸಿ.

ನವಜಾತ ಶಿಶುವಿನ ರಕ್ತಪರೀಕ್ಷೆಯಲ್ಲಿ ಗ್ಯಾಲಕ್ಟೋಸ್ ಹೆಚ್ಚಿದ್ದು ಕಿಣ್ವದಲ್ಲಿ ದೋಷವಿಲ್ಲದಿದ್ದರೆ, ಅಥವಾ ಹೃದಯ ಸರಿಯಿದ್ದೂ ಮಗುವಿನ ಉಗುರು ನೀಲಿಗಟ್ಟಿದರೆ, ಯಕೃತ್ತಿನ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ತಪ್ಪದೆ ಕೇಳಿ.